ಹೆಂಗಸರು ಹತ್ತದ ದೋಣಿ

ತನ್ನ ಗಂಡನಿಗೆ ಅಡುಗೆ ಬರುತ್ತದೆಂಬ ಸಂಗತಿ ಮೋಹಿನಿಗೆ ತಿಳಿದದ್ದು ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಅದೂ ಮಗಳ ಫೋನಿನಲ್ಲಿ.

ಮಲಾಯ್ ನಾಡಿನ ಪುಚೊಂಗಿನ ಫ್ಲಾಟಿನಲ್ಲಿ ಅವತ್ತು ರಾತ್ರಿಯೂಟಕ್ಕೆ ಕೂತಿದ್ದರು. ವಿಸ್ಮಯಾ ಫೋನನ್ನು ಸಾರಿನ ಪಾತ್ರೆಗೆ ಒರಗಿಸಿಟ್ಟು ಅಪ್ಪನ ಜೊತೆ ಹರಟುತ್ತಿದ್ದಳು. ಪರದೆಯೊಳಗೆ ರತ್ನಾಕರ ಲುಂಗಿ ಎತ್ತಿ ಕಟ್ಟಿಕೊಂಡು, ಹೆಗಲಿಗೊಂದು ಟವೆಲ್ ಹಾಕಿಕೊಂಡು, ಕಣ್ಣಲ್ಲಿ ನೀರಿಲ್ಲದೆ ಈರುಳ್ಳಿ ಹೆಚ್ಚುತ್ತಿದ್ದ.

"ಏನ್ರೀ ಅದು?" ಮೋಹಿನಿ ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಮೀನು ಸಾರು ಆಯ್ತು. ಈಗ ಪಲ್ಯಕ್ಕೆ."

"ಯಾರು ಮಾಡಿದ್ದು?"

"ಇನ್ಯಾರು? ದೋಣೀಲಿ ನಾನು ಬಿಟ್ರೆ ಇರೋದು ಒಂದು ಹಲ್ಲಿ."

"ಅಪ್ಪ ಡೈಲಿ ಕುಕ್ ಮಾಡ್ತಾರೆ ಅಮ್ಮಾ. ಯು ಡಿಡಂಟ್ ನೋ? ಪಾತ್ರೆನೂ ತೊಳೀತಾರೆ, ನೆಲಾನೂ ಒರೆಸ್ತಾರೆ. ಸೋ ಕ್ಲೀನ್ ಲಾ!" ಎಂದಳು ವಿಸ್ಮಯಾ.

ಮೋಹಿನಿ ಮೇಜಿನ ಆ ತುದಿಯತ್ತ ನೋಡಿದಳು. ಸೋಮವಾರ ಬೆಳಿಗ್ಗೆ ರತ್ನಾಕರ ಕಾಫಿ ಕುಡಿದು ಇಟ್ಟುಹೋದ ಲೋಟ ಮಂಗಳವಾರ ರಾತ್ರಿಯವರೆಗೂ ಅಲ್ಲೇ ಇತ್ತು. ಎಷ್ಟು ದಿನ ಇರುತ್ತದೋ ನೋಡೋಣವೆಂದು ಅವಳೂ ಬಿಟ್ಟಿದ್ದಳು.

ಈ ದೋಣಿಯ ಕಥೆ ಶುರುವಾದದ್ದು ಫೆಬ್ರವರಿಯಲ್ಲಿ. ರತ್ನಾಕರ ಹಡಗು ರಿಪೇರಿಯ ಇಂಜಿನಿಯರು. ಕಂಪನಿಯವರು ಅವನನ್ನು ಲುಮುಟ್‌ನ ಯಾರ್ಡಿಗೆ ಹಾಕಿದರು. ಪುಚೊಂಗಿನಿಂದ ಕಾರಿನಲ್ಲಿ ಮೂರು ತಾಸಿನ ದಾರಿ, ದಿನಾ ಹೋಗಿ ಬರುವುದು ಆಗದ ಮಾತು. ಮೊದಲು ಅಲ್ಲಿ ಅಂಗಡಿಯೊಂದರ ಮೇಲೆ ಕೋಣೆ ಹಿಡಿದ. ಕೆಳಗೆ ಕ್ಯಾರಿಯೋಕಿ ಹಾಡಿನ ಗದ್ದಲ, ಮೇಲೆ ಇವನು, ನಿದ್ದೆ ಬರಲಿಲ್ಲ. ಆಗ ಸಿಕ್ಕಿದವನು ಟಾನ್ ಎಂಬ ಮುದುಕ. ಮೀನುಗಾರಿಕೆ ಬಿಟ್ಟು ಮನೆಯಲ್ಲಿ ಕೂತಿದ್ದ ಅವನ ಹಳೇ ಮರದ ದೋಣಿ ನದಿಯ ಜೆಟ್ಟಿಯ ಪಕ್ಕ ಸುಮ್ಮನೆ ತೇಲುತ್ತಿತ್ತು. ಇಂಜಿನ್ ತೆಗೆದಿದ್ದರು. ಒಳಗೆ ಎರಡು ಮಲಗುವ ಹಲಗೆ, ಒಂದು ಗ್ಯಾಸ್ ಒಲೆ, ಸೌರಫಲಕದ ದೀಪ, ಒಂದು ಫ್ಯಾನು. ಗಂಗೊಳ್ಳಿಯಲ್ಲಿ ದೋಣಿಗಳ ನಡುವೆ ಬೆಳೆದ ರತ್ನಾಕರ ಅದನ್ನು ನೋಡಿದವನೇ ಬಾಡಿಗೆ ಮಾತಾಡಿ ಗಂಟುಮೂಟೆ ತಂದಿಟ್ಟ. ಸೋಮವಾರದಿಂದ ಶುಕ್ರವಾರದವರೆಗೆ ದೋಣಿ, ಶನಿವಾರ ಭಾನುವಾರ ಮನೆ.

ದಾವಣಗೆರೆಯ ಮೋಹಿನಿಗೆ ನೀರೆಂದರೆ ನಲ್ಲಿಯ ನೀರು. ದೋಣಿಯಲ್ಲಿ ಮನುಷ್ಯರು ವಾಸ ಮಾಡುತ್ತಾರೆಂಬುದೇ ಅವಳ ತಲೆಗೆ ಹತ್ತಿರಲಿಲ್ಲ. ಪಾಪ, ಗಂಡ ಅಲ್ಲಿ ಕಷ್ಟಪಡುತ್ತಿದ್ದಾನೆ ಎಂದುಕೊಂಡು ಪ್ರತಿ ಸೋಮವಾರ ಚಪಾತಿ, ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು. ಈಗ ನೋಡಿದರೆ ಆ ಮಹಾರಾಯ ಸಂಜೆ ದೋಣಿಯಿಂದ ಬಲೆ ಬೀಸಿ, ಸಿಕ್ಕಿದ್ದನ್ನು ಬೇಯಿಸಿಕೊಂಡು, ನದಿಗೆ ಕಾಲು ಇಳಿಬಿಟ್ಟು ಉಂಡು ಆನಂದವಾಗಿದ್ದಾನೆ!

ಸಿಟ್ಟು ಬಂದದ್ದು ನಿಜ. ಆದರೆ ಮರುದಿನ ಸೈಬರ್‌ಜಯಾದ ಆಫೀಸಿಗೆ ಕಾರು ಓಡಿಸುವಾಗ ಸಿಟ್ಟಿನ ಕೆಳಗೆ ಇನ್ನೊಂದು ಇರುವುದು ಅವಳಿಗೆ ಗೊತ್ತಾಯಿತು. ಫೋನಿನಲ್ಲಿ ಕಂಡವನು ನಗುತ್ತಿದ್ದ, ಹಾಡು ಗುನುಗುತ್ತಿದ್ದ, ಉಪ್ಪು ನೋಡಿ ನಾಲಿಗೆ ಚಪ್ಪರಿಸುತ್ತಿದ್ದ. ಮನೆಗೆ ಬರುವವನು ಸೋಫಾದಲ್ಲಿ ಮಲಗಿ ಟಿವಿ ನೋಡುತ್ತಾನೆ. ಅವಳಿಗೆ ಆ ದೋಣಿಯಲ್ಲಿರುವವನು ಬೇಕಾಗಿತ್ತು.

ಶುಕ್ರವಾರ ಊಟಕ್ಕೆ ಕೂತಾಗ ಮಾತು ತೆಗೆದಳು. "ರೀ, ನಂಗೆ ಆಫೀಸು ವಾರಕ್ಕೆ ಎರಡೇ ದಿನ. ಉಳಿದದ್ದು ಲ್ಯಾಪ್‌ಟಾಪಲ್ಲಿ. ಬುಧವಾರ ರಾತ್ರಿ ಬಂದು ಶುಕ್ರವಾರ ನಿಮ್ಮ ಜೊತೇಲೇ ವಾಪಸ್ ಬರ್ತೀನಿ. ನಾನೂ ದೋಣೀಲಿ ಇರ್ತೀನಿ."

ರತ್ನಾಕರನ ಮುಖ ಅರಳಿತು. "ಬಾರೇ! ನಾನೇ ಕೇಳ್ಬೇಕು ಅಂತಿದ್ದೆ. ನಿಂಗೆ ಹಿಡಿಸುತ್ತೋ ಇಲ್ವೋ ಅಂತ ಸುಮ್ನಿದ್ದೆ."

ಅಷ್ಟರಲ್ಲಿ ಮೇಜಿನ ಇನ್ನೊಂದು ಬದಿಯಿಂದ ತಟ್ಟೆ ಸರಿದ ಸದ್ದು.

"ಹೆಂಗ್ಸ್ರ್ ಮೀನ್ ಹಿಡು ದೋಣಿ ಹತ್ತುಕಾಗ."

ಹತ್ತಕೂಡದು ಎಂದವರು ಮುತ್ತಕ್ಕ, ರತ್ನಾಕರನ ತಾಯಿ. ಗಂಗೊಳ್ಳಿಯ ದಡದಲ್ಲಿ ಮೀನಿನ ಬುಟ್ಟಿ ಹೊತ್ತು, ಗಂಡನಿಲ್ಲದ ಮನೆ ನಡೆಸಿ, ಮಗನನ್ನು ಇಂಜಿನಿಯರ್ ಮಾಡಿದ ಹೆಂಗಸು. ಈಗ ಮಗನ ಮನೆಯಲ್ಲೇ ಇದ್ದಾರೆ. ಪುಚೊಂಗಿನ ಮಾರುಕಟ್ಟೆಯಲ್ಲಿ ಬಂಗುಡೆಗೆ ಕೆಂಬೋಂಗ್ ಅನ್ನುತ್ತಾರೆಂದು ಕಲಿತು, ಮಲಾಯ್ ಬಾರದೆಯೇ ಮಲಾಯ್ ಮೀನಿನವನ ಹತ್ತಿರ ಚೌಕಾಸಿ ಮಾಡಿ ಗೆಲ್ಲುತ್ತಾರೆ.

"ಅತ್ತೆ, ಅದು ಹಳೇ ದೋಣಿ. ಇಂಜಿನ್ ಕೂಡ ಇಲ್ಲ," ಎಂದಳು ಮೋಹಿನಿ.

"ಇವ ಬಲೆ ಬೀಸ್ತ ಅಲ್ದಾ? ಮೀನ್ ಸಿಕ್ತ್ ಅಲ್ದಾ? ಹಾಂಗಾರೆ ಅದ್ ಮೀನ್ ಹಿಡು ದೋಣಿಯೇ. ನಮ್ಮನಿ ಹೆಂಗ್ಸ್ರ್ ಯಾರೂ ಹತ್ಲಿಲ್ಲೆ. ನನ್ನತ್ತೆ ಹತ್ಲಿಲ್ಲೆ, ನಾನ್ ಹತ್ಲಿಲ್ಲೆ."

"ಹತ್ತಿದರೆ ಏನಾಗುತ್ತೆ?"

"ನಂಗೆ ಗೊತ್ತಿಲ್ಲೆ. ಏನಾತ್ತ್ ಅಂತ ಕಾಂಬುಕೆ ನಂಗೆ ಇಪ್ಪುದ್ ಒಬ್ನೇ ಮಗ."

ವಿಸ್ಮಯಾ "ಅಜ್ಜಿ, ದಟ್ಸ್ ಸೋ ಸೆಕ್ಸಿಸ್ಟ್," ಎಂದಳು. ಅಜ್ಜಿ ಅದೊಂದು ತಿಂಡಿಯ ಹೆಸರೇನೋ ಎಂಬಂತೆ ಮೊಮ್ಮಗಳ ತಟ್ಟೆಗೆ ಇನ್ನೊಂದು ಮೀನಿನ ತುಂಡು ಬಡಿಸಿದರು.

ಮೋಹಿನಿ ಸುಮ್ಮನಿರುವ ಪೈಕಿಯಲ್ಲ. ಮರುವಾರ ಬುಧವಾರ ಆಫೀಸು ಬೇಗ ಮುಗಿಸಿದವಳೇ ಚೀಲ ಹಿಡಿದು ಲುಮುಟ್ ಕಡೆಗೆ ಕಾರು ತಿರುಗಿಸಿದಳು. ಅತ್ತೆಗೆ ಹೇಳಿಯೇ ಹೊರಟಿದ್ದಳು. ಅತ್ತೆ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದರು. ಆ ಲಕ್ಷಣ ಯಾಕೋ ಸರಿಯಾದದ್ದಲ್ಲವೆಂದು ಆಗಲೇ ತಿಳಿಯಬೇಕಿತ್ತು.

ಜೆಟ್ಟಿ ತಲುಪಿದಾಗ ಹೊತ್ತು ಮುಳುಗುವ ಬೆಳಕು ನೀರಿನ ಮೇಲಿತ್ತು. ಹಸಿರು ಬಣ್ಣದ ದೋಣಿ. ಮೂತಿಯನ್ನು ಕಂಬಕ್ಕೆ ಕಟ್ಟಿ ಹಿಂಭಾಗವನ್ನು ನೀರಿನ ಇಷ್ಟಕ್ಕೆ ಬಿಟ್ಟಿದ್ದರು. ಒಳಗಿನಿಂದ ಬೆಳ್ಳುಳ್ಳಿ ಹುರಿದ ಘಮ ಬರುತ್ತಿತ್ತು. ರತ್ನಾಕರ ಜೆಟ್ಟಿಯಿಂದ ದೋಣಿಗೆ ಹಾಕಿದ ಹಲಗೆಯ ಆ ತುದಿಯಲ್ಲಿ ನಿಂತು, ಮದುಮಗನ ಹಾಗೆ ಹಲ್ಲು ಬಿಡುತ್ತ ಕೈ ಚಾಚಿದ.

"ನಿಧಾನ. ಬಲಗಾಲು ಇಡು."

ಮೋಹಿನಿ ಕಾಲು ಎತ್ತಿದಳು. ಚೀಲದಲ್ಲಿ ಫೋನು ಹೊಡೆದುಕೊಂಡಿತು.

"ಅಮ್ಮಾ," ವಿಸ್ಮಯಾಳ ದನಿ ಅಳುವಂತಿತ್ತು. "ಅಜ್ಜಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಶುಗರ್ ಮಾತ್ರೆನೂ ತಗೊಂಡಿಲ್ಲ. ನಾನು ಮಮಾಕ್ ಹೋಟ್ಲಿಂದ ರೋಟಿ ಕಟ್ಟಿಸಿ ತಪಾವ್ ಮಾಡ್ಕೊಂಡು ಬಂದೆ, ಅದನ್ನೂ ಮುಟ್ಟಲಿಲ್ಲ. ನೀನು ಬರೋವರೆಗೆ ಉಣ್ಣಲ್ವಂತೆ. ಐ ಡೋಂಟ್ ನೋ ವಾಟ್ ಟು ಡೂ."

ಎತ್ತಿದ ಕಾಲನ್ನು ಮೋಹಿನಿ ಜೆಟ್ಟಿಯ ಮೇಲೇ ಇಳಿಸಿದಳು. ರತ್ನಾಕರನ ಕೈ ಚಾಚಿದ ಹಾಗೇ ಇತ್ತು.

"ಸಾರು ಒಂದು ಡಬ್ಬಿಗೆ ಹಾಕಿಕೊಡಿ," ಎಂದಳು. "ಬಂದದ್ದಕ್ಕೆ ಅದಾದರೂ ಸಿಗಲಿ."

ದಾರಿಯುದ್ದಕ್ಕೂ ಕಾರಿನಲ್ಲಿ ಮೀನು ಸಾರಿನ ವಾಸನೆ. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಡಬ್ಬಿ ತೆಗೆದು, ಬೆರಳದ್ದಿ ನೆಕ್ಕಿದಳು. ತಾನು ಮಾಡುವ ಸಾರಿಗಿಂತ ಅದು ಚೆನ್ನಾಗಿತ್ತು. ಹೊಟ್ಟೆಯುರಿಗೆ ಕಣ್ಣಲ್ಲಿ ನೀರೇ ಬಂತು.

ಆಮೇಲಿನ ಎರಡು ವಾರ ಮನೆಯಲ್ಲಿ ಮಾತಿಗೆ ಬರ. ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಎಲ್ಲ ಸಿಗುತ್ತಿತ್ತು, ಮಾತೊಂದು ಬಿಟ್ಟು. ಮುತ್ತಕ್ಕನೂ ಕಡಿಮೆಯವರಲ್ಲ. ಸೊಸೆ ಏಳುವ ಮೊದಲೇ ಎದ್ದು ಇಡೀ ಮನೆಯ ಪಾತ್ರೆ ತೊಳೆದಿಟ್ಟು, "ನಾನ್ ಯಾರಿಗೂ ಭಾರ ಅಲ್ಲ" ಎಂದು ಗೋಡೆಗೆ ಹೇಳುತ್ತಿದ್ದರು.

ಮೋಹಿನಿ ಸಿಟ್ಟನ್ನು ಗಂಡನ ಕಡೆ ತಿರುಗಿಸಿದಳು. ಶನಿವಾರ ಬೆಳಿಗ್ಗೆ ಅವನ ಕೈಗೆ ಸೌಟು ಕೊಟ್ಟಳು.

"ಅಲ್ಲಿ ಮಾಡೋದನ್ನ ಇಲ್ಲೂ ಮಾಡಿ. ನಾನು ಸೋಫಾದಲ್ಲಿ ಮಲಗ್ತೀನಿ."

ರತ್ನಾಕರ ತಕರಾರಿಲ್ಲದೆ ಅಡುಗೆಮನೆಗೆ ಹೋದ. ತಕ್ಷಣ ಒಳಗಿನಿಂದ ಮುತ್ತಕ್ಕನ ದನಿ: "ನೀನ್ ಎಂತಕ್ಕೆ ಬಂದದ್ ಮಗಾ? ಹೋಯ್ ಕೂಕೋ. ಗಂಡ್ಸ್ರಿಗ್ ಇಲ್ಲೆಂತ ಕೆಲ್ಸ?" ಸೌಟು ಕಸಿದುಕೊಂಡು ಅವನನ್ನು ಹೊರಗೆ ಅಟ್ಟಿದರು. ಅವನು ಪೆದ್ದು ಮುಖ ಮಾಡಿ ಬಂದು ಹೆಂಡತಿಯ ಪಕ್ಕ ಕೂತ.

"ನೋಡಿದ್ಯಾ? ನಂಗೆ ಮನಸ್ಸಿಲ್ಲ ಅಂತಲ್ಲ ಕಣೇ. ಚಿಕ್ಕಂದಿನಿಂದ ಹೀಗೇ. ಆ ಬಾಗಿಲು ದಾಟೋಕೇ ಬಿಡಲ್ಲ."

"ಇಪ್ಪತ್ತು ವರ್ಷ ನಿಮಗೂ ಅದು ಆರಾಮವಾಗೇ ಇತ್ತು, ಅಲ್ವಾ?"

"ಆರಾಮಾಗಿತ್ತು," ಎಂದು ಅವನು ಒಪ್ಪಿಕೊಂಡ. ಒಪ್ಪಿಕೊಂಡದ್ದಕ್ಕೆ ಮೋಹಿನಿಗೆ ನಗು ಬಂತು. ಅವನನ್ನು ದೋಣಿ ಹತ್ತಲು ಬಿಡುವ, ಅವಳನ್ನು ಬಿಡದ, ಅವನನ್ನು ಅಡುಗೆಮನೆಗೆ ಬಿಡದ, ಅವಳನ್ನು ಅಲ್ಲಿಂದ ಹೊರಗೆ ಬಿಡದ ಅತ್ತೆ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದರು.

ಗಂಟು ಬಿಚ್ಚಿದವಳು ವಿಸ್ಮಯಾ. ಅದೂ ಬೇಕೆಂದು ಬಿಚ್ಚಿದ್ದಲ್ಲ. ಕಾಲೇಜಿನಲ್ಲಿ ಊರಿನ ಹಿರಿಯರ ಬಗ್ಗೆ ಏನೋ ಮಾತಾಡಬೇಕಿತ್ತು, ಅಜ್ಜಿಯ ಮುಂದೆ ಕೂತಿದ್ದಳು. ಮೋಹಿನಿ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು.

"ಅಜ್ಜಿ, ಮೀನು ಮಾರೋಕೆ ಎಲ್ಲಿಗೆ ಹೋಗ್ತಿದ್ರಿ?"

"ಕುಂದಾಪ್ರಕ್ಕೆ."

"ಬಸ್ಸಲ್ಲಾ?"

"ಬಸ್ಸಲ್ಲಿ ಹೋರೆ ಸುತ್ತ್ ಹಾಕ್ಕಂಡ್ ಹೋಯ್ಕ್. ಹೊಳೆ ದಾಟಿರೆ ಅಲ್ಲೇ. ಕಡವಿನ ದೋಣಿಲಿ ಹ್ವಾಪ್ದ್."

ವಿಸ್ಮಯಾ ಪೆನ್ನು ಕೆಳಗಿಟ್ಟಳು. "ವೇಯ್ಟ್. ನೀವು ದೋಣಿ ಹತ್ತಿದ್ರಾ?"

"ದಿನಾ ಹತ್ತ್‌ಕಲ್ದಾ! ಬುಟ್ಟಿ ಹೊತ್ಕಂಡ್ ಈಜುಕಾತ್ತಾ?"

"ಬಟ್ ಹೆಂಗಸರು ಹತ್ತಬಾರದು ಅಂದ್ರಿ!"

"ಅದ್ ಮೀನ್ ಹಿಡು ದೋಣಿ. ಇದ್ ಜನ ದಾಟ್ಸು ದೋಣಿ. ಅದ್ ಬೇರೆ, ಇದ್ ಬೇರೆ."

"ಹಾಗಾದ್ರೆ ಅಪ್ಪ ಅದ್ರಿಂದ ಮೀನು ಹಿಡಿಯೋದು ನಿಲ್ಲಿಸಿದ್ರೆ?"

ಮೋಹಿನಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಮುತ್ತಕ್ಕ ಎದ್ದು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆವತ್ತಿಡೀ ಯೋಚಿಸಿದರು. ರಾತ್ರಿ ಮಜ್ಜಿಗೆ ಅನ್ನ ಕಲಸುತ್ತ ಸೊಸೆಗೆ ನೇರವಾಗಿ, ಎರಡು ವಾರದ ಮೇಲೆ ಮೊದಲ ಸಲ, ಮಾತಾಡಿದರು.

"ಬಲೆ ದೋಣಿಂದ ಹೊರಗ್ ಹೋಯ್ಕ್. ಗಾಳವೂ ಇಪ್ಪುಕಾಗ. ಮತ್ತೆ ಹಾಲುಕ್ಕ್ಸ್‌ಕ್. ಹಾಲುಕ್ಕಿದ್ ಮೇಲೆ ಅದ್ ದೋಣಿ ಅಲ್ಲ ಹೆಣೆ, ಮನಿ. ಮನಿಗೆ ಹೆಂಗ್ಸ್ರ್ ಹ್ವಾಪುಕಾಗ ಅಂತ ಯಾರಾರೂ ಹೇಳ್ತ್ರಾ?"

ಫೋನಿನಲ್ಲಿ ಈ ತೀರ್ಪು ಕೇಳಿದ ರತ್ನಾಕರ ಚೌಕಾಸಿಗೆ ಇಳಿದ.

"ಒಂದು ಸಣ್ಣ ಗಾಳಾನೂ ಬೇಡ್ವಂತಾ?"

"ಬೇಡ್ವಂತೆ."

"ಮೋಹಿನಿ, ಯಾರ್ಡಲ್ಲಿ ದಿನವಿಡೀ ಗ್ರೀಸು, ಕಬ್ಬಿಣ, ಬೈಗುಳ. ಸಂಜೆ ಬಲೆ ಬೀಸಿದಾಗ ಮಾತ್ರ ನಂಗೆ ಮೈ ಹಗುರ ಆಗೋದು."

"ನಿಮ್ಮಿಷ್ಟ ರೀ. ನಾನು ಒತ್ತಾಯ ಮಾಡಲ್ಲ," ಎಂದು ಫೋನಿಟ್ಟಳು. ಒತ್ತಾಯ ಮಾಡಲೇಬೇಕು ಅನಿಸುತ್ತಿತ್ತು. ಆ ವಾರ ಪೂರ್ತಿ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಲೆಯೋ ತಾನೋ ಎಂದು ಗಂಡನನ್ನು ನಿಲ್ಲಿಸಿದಂತಾಯಿತಲ್ಲ, ಬಲೆಯೆಂದರೆ ಗತಿಯೇನು?

ಶುಕ್ರವಾರ ಸಂಜೆ ಬಾಗಿಲು ತೆರೆದಾಗ ಮೊದಲು ಒಳಬಂದದ್ದು ಕೊಳೆತ ಮೀನಿನ ವಾಸನೆ, ಹಿಂದೆ ರತ್ನಾಕರ. ಹೆಗಲ ಮೇಲೆ ಇಡೀ ಬೀಸುಬಲೆ, ಕಂಕುಳಲ್ಲಿ ಎರಡು ಗಾಳ. ಯಾರೊಂದಿಗೂ ಮಾತಾಡದೆ ಹೋಗಿ ಎಲ್ಲವನ್ನೂ ಬಾಲ್ಕನಿಯ ಮೂಲೆಗೆ ಹಾಕಿ ಬಂದು, "ಹಾಲು ಎಷ್ಟು ಲೀಟರ್ ಬೇಕು?" ಎಂದು ಕೇಳಿದ.

ಮೋಹಿನಿಗೆ ಅವನ ಮೇಲೆ ಉಕ್ಕಿದ ಪ್ರೀತಿಗೆ ಅಳತೆಯಿರಲಿಲ್ಲ. ಮಗಳು ಮೂಗು ಮುಚ್ಚಿಕೊಂಡು ನೋಡುತ್ತಿದ್ದರೂ, ಅತ್ತೆ ಎದುರಿಗಿದ್ದರೂ, ಆ ಮೀನು ನಾರುವ ಅಂಗಿಯನ್ನೇ ತಬ್ಬಿಕೊಂಡಳು.

ಮರುದಿನ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಮಾವಿನೆಲೆ, ಅರಿಶಿನ ಕುಂಕುಮ, ಹೂವು, ಹೊಸ ಪಾತ್ರೆ ತಂದರು. ಅಂಗಡಿಯ ತಮಿಳು ಹೆಂಗಸು ಹೊಸ ಮನೆ ಎಲ್ಲಿ ಎಂದು ಕೇಳಿದಳು. ವಿಸ್ಮಯಾ "ನದಿಯಲ್ಲಿ ಆಂಟಿ" ಎಂದಾಗ ಆಕೆ ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಕೊಟ್ಟಳು. ಪಾಪ, ಮುಳುಗಡೆಯಾದ ಮನೆಯೆಂದು ತಿಳಿದಳೋ ಏನೋ.

ಭಾನುವಾರ ಬೆಳಿಗ್ಗೆ ನಾಲ್ವರೂ ಜೆಟ್ಟಿಯಲ್ಲಿ ನಿಂತಿದ್ದರು. ದೋಣಿಯ ಬಾಗಿಲಿಗೆ ತೋರಣ. ಮೋಹಿನಿ ಹಾಲಿನ ಪಾತ್ರೆ ಹಿಡಿದು ಬಲಗಾಲಿಟ್ಟು ಒಳಗೆ ಹೋದಳು. ದೋಣಿ ಸ್ವಲ್ಪ ಅಲುಗಿತು, ಏನೂ ಆಗಲಿಲ್ಲ. ಮುತ್ತಕ್ಕ ಮಾತ್ರ ಜೆಟ್ಟಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

"ಹಾಲ್ ಉಕ್ಲಿ. ಮತ್ತೆ ಕಾಂಬ," ಎಂದರು. "ಪಾತ್ರೆ ಮೂಡಾಯಿ ಬದಿಗೆ ಇಟ್ಕೋ. ಮೂಡಾಯಿಗೇ ಉಕ್ಕ್‌ಕ್."

ಮೂಡಣಕ್ಕೇ ಸರಿಯಾಗಿ ಇಟ್ಟರು. ಅಷ್ಟರಲ್ಲಿ ಇಳಿತದ ನೀರು ತಿರುಗಿ ಉಬ್ಬರ ಶುರುವಾಯಿತು. ದೋಣಿಯ ಹಿಂಭಾಗ ಮೆಲ್ಲಗೆ ಸುತ್ತು ಹಾಕಿತು.

"ಅಪ್ಪಾ, ಈಸ್ಟ್ ಎಲ್ಲಿಗೋ ಹೋಯ್ತು!" ಎಂದು ಕೂಗಿದಳು ವಿಸ್ಮಯಾ, ಫೋನಿನ ದಿಕ್ಸೂಚಿ ಹಿಡಿದು.

ಪಾತ್ರೆ ತಿರುಗಿಸಿದರು. ದೋಣಿಯೂ ಇನ್ನಷ್ಟು ತಿರುಗಿತು. ಹಾಲು ಏರತೊಡಗಿತು. ಅಂಚಿಗೆ ಬಂದದ್ದೇ ತಡ, ಮೋಹಿನಿಯ ಕೈ ತನ್ನಷ್ಟಕ್ಕೆ ಹೋಗಿ ಉರಿ ತಗ್ಗಿಸಿತು. ಹಾಲು ಉಕ್ಕದಂತೆ ಕಾದು ಕಾದು ಅಭ್ಯಾಸವಾದ ಕೈ, ಅದಕ್ಕೇನು ಗೊತ್ತು?

"ಅಯ್ಯಯ್ಯೋ, ಬೆಂಕಿ ಕಡ್ಮಿ ಮಾಡ್‌ಬೇಡ!" ಜೆಟ್ಟಿಯಿಂದ ಕೂಗು.

ಮತ್ತೆ ಉರಿ ಏರಿಸಿದಳು. ಹಾಲು ಎದ್ದಿತು. ಕೈ ಮತ್ತೆ ಹೋಯಿತು.

"ಹೋಯ್! ಎಂತ ಮಾಡ್ತಿದ್ದೆ ನೀನ್? ಇಷ್ಟ್ ದೊಡ್ಡವ್ಳಾಯ್ಕಂಡ್ ಒಂದ್ ಹಾಲ್ ಉಕ್ಕ್ಸುಕ್ ಬತ್ತಿಲ್ಯಾ? ಬಿಡ್, ಬದಿಗ್ ಹೋಗ್!"

ಈ ಸಲದ ಕೂಗು ಬಂದದ್ದು ಜೆಟ್ಟಿಯಿಂದಲ್ಲ, ಮೋಹಿನಿಯ ಕಿವಿಯ ಪಕ್ಕದಿಂದ. ಮುತ್ತಕ್ಕ ಸೀರೆ ಎತ್ತಿ ಕಟ್ಟಿ, ಹಲಗೆ ದಾಟಿ, ತೋರಣದ ಕೆಳಗೆ ತಲೆ ಬಗ್ಗಿಸಿ, ಸೊಸೆಯನ್ನು ಪಕ್ಕಕ್ಕೆ ತಳ್ಳಿ ಒಲೆಯ ಮುಂದೆ ನಿಂತಾಗಿತ್ತು. ಉರಿ ಪೂರ್ತಿ ಏರಿಸಿದರು. ಹಾಲು ಬುಸ್ಸೆಂದು ನಾಲ್ಕೂ ಕಡೆಗೆ ಉಕ್ಕಿ ಒಲೆಯನ್ನೇ ಆರಿಸಿಬಿಟ್ಟಿತು.

"ಮೂಡಾಯಿಗೂ ಉಕ್ಕಿತ್. ಆಯ್ತ್," ಎಂದರು ಮುತ್ತಕ್ಕ.

ಆಗ ಅವರಿಗೆ ತಾನೆಲ್ಲಿದ್ದೇನೆಂದು ಅರಿವಾಯಿತು. ಕಾಲ ಕೆಳಗಿನ ಹಲಗೆಯನ್ನು ನೋಡಿದರು, ಕಿಟಕಿಯಾಚೆಯ ನೀರನ್ನು ನೋಡಿದರು. ಮೂವರೂ ಅವರನ್ನೇ ನೋಡುತ್ತಿದ್ದರು.

"ಒಳ್ಳೆ ಗಾಳಿ ಇತ್ತ್ ಇಲ್ಲಿ," ಎಂದು ಮುತ್ತಕ್ಕ ಅಲ್ಲೇ ಮಲಗುವ ಹಲಗೆಯ ಮೇಲೆ ಕೂತರು. ಆಮೇಲೆ ಏಳಲಿಲ್ಲ.

ಬೆಲ್ಲ ಹಾಕಿದ ಹಾಲು, ಅವಲಕ್ಕಿ, ಬಾಳೆಹಣ್ಣು ತಿಂದಾಯಿತು. ಮರುದಿನ ಸೋಮವಾರ ಸಾರ್ವಜನಿಕ ರಜೆ. ರಾತ್ರಿ ಇಲ್ಲೇ ಉಳಿಯುವುದೆಂದು ಅಜ್ಜಿಯೇ ಘೋಷಿಸಿದರು. ಇರುವುದು ಎರಡು ಹಲಗೆ, ನೆಲದ ಮೇಲೊಂದು ಚಾಪೆ. ಹಲಗೆ ಅತ್ತೆಗೊಂದು, ಸೊಸೆಗೊಂದು, ಚಾಪೆ ಮಗಳಿಗೆ.

"ನಾನೆಲ್ಲಿ ಮಲಗ್ಲಿ?" ರತ್ನಾಕರ ಕೇಳಿದ.

"ಆಚೆ ಕಾರಿತ್ತಲ್ಲ," ಎಂದರು ತಾಯಿ. "ಈಗ ಸಂಜಿಯೊಳಗೆ ಹೋಯ್ ಎರಡ್ ಮೀನ್ ಹಿಡ್ಕಂಡ್ ಬಾ."

"ಅಮ್ಮಾ! ನೀವೇ ಅಲ್ವಾ ಗಾಳ ಬೇಡ ಅಂದಿದ್ದು?"

"ದೋಣಿಂದ ಬೇಡ ಅಂದದ್. ದಡದಂಗೆ ನಿಂತ್ ಹಿಡೂಕೆ ಯಾರ್ ಬೇಡ ಅಂದದ್?"

ರತ್ನಾಕರ ತಾಯಿಯ ಮುಖವನ್ನೇ ನೋಡಿದ. ಆಮೇಲೆ ಹುಡುಗನ ಹಾಗೆ ಹಲಗೆಯ ಮೇಲೆ ಓಡಿ ಟಾನ್ ಮುದುಕನ ಮನೆಗೆ ಹೋಗಿ ಗಾಳ ಇಸಕೊಂಡು ಬಂದ. ಜೆಟ್ಟಿಯ ತುದಿಯಲ್ಲಿ ಅವನು ಕಾದು ಕೂತ. ದೋಣಿಯ ಬಾಗಿಲಲ್ಲಿ ಮುತ್ತಕ್ಕ ಕಾಲು ಚಾಚಿ ಕೂತು ಅವನನ್ನೇ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಂತಾಯ್ತು ಅತ್ತೆ?"

"ಕಾಣ್ ಹೆಣೆ. ಹುಟ್ಟಿದ್ ಲಾಗಾಯ್ತ್ ನಾವ್ ದಡದಂಗೆ ನಿಂತ್, ದೋಣಿ ಬಂತಾ, ಮೀನ್ ಸಿಕ್ತಾ ಅಂತ ಕಾದದ್. ಇವತ್ತ್ ಅವ ದಡದಂಗೆ ನಿಂತಿದ. ನಾವ್ ದೋಣಿಲಿ."

ಮೋಹಿನಿಯೂ ನಕ್ಕಳು. ಅತ್ತೆಯ ಪಕ್ಕ ಜಾಗ ಮಾಡಿಕೊಂಡು ಅವಳೂ ಕಾಲು ಚಾಚಿದಳು.

ಹೊತ್ತು ಇಳಿಯುವಾಗ ರತ್ನಾಕರ ಪಾತ್ರೆಯಲ್ಲಿ ಕಾಣೆ ಮೀನು ಹಿಡಿದು ಹಲಗೆಯ ಆ ಬದಿಗೆ ಬಂದು ನಿಂತ. ಮುತ್ತಕ್ಕ ಕುತ್ತಿಗೆ ಚಾಚಿ ಕಿವಿರು ಎತ್ತಿ ತೋರಿಸು ಎಂದರು. ಅವನು ತೋರಿಸಿದ. ಪರವಾಗಿಲ್ಲ ಎಂದು ತಲೆಯಾಡಿಸಿದರು.

"ಒಳಗೆ ಬರ್ಲಾ?" ಎಂದು ಕೇಳಿದ ರತ್ನಾಕರ.

"ಕಾಲು ತೊಳ್ಕೊಂಡು ಬನ್ನಿ ರೀ," ಎಂದಳು ಮೋಹಿನಿ. "ಬಂದು ಸಾರು ಮಾಡಿ, ಹಸಿವಾಗ್ತಿದೆ."

ಆಮೇಲೆ ಅತ್ತೆಯ ಕಡೆ ನೋಡಿದಳು. ಮುತ್ತಕ್ಕ ನದಿಯ ಕಡೆ ಮುಖ ಮಾಡಿದ್ದರು.

"ಹುಳಿ ಜಾಸ್ತಿ ಹಾಕ್‌ಬೇಡ ಮಗಾ," ಎಂದರು, ತಿರುಗದೆಯೇ.

ರತ್ನಾಕರ ಬಕೆಟ್ಟಿನ ನೀರಲ್ಲಿ ಕಾಲು ತೊಳೆದು ಒಳಗೆ ಬಂದ, ಲುಂಗಿ ಎತ್ತಿ ಕಟ್ಟಿದ, ಏನೋ ಗುನುಗುತ್ತ ಒಲೆ ಹಚ್ಚಿದ. ಮೋಹಿನಿ ಸಹಾಯಕ್ಕೆಂದು ಏಳಲಿಲ್ಲ.